‘ಬೆಲ್‌ಫಾಸ್ಟ್’ ಚಿತ್ರ: ನಮ್ಮವರೇ ಬಂದು ಬಾಗಿಲು ತಟ್ಟಿದಾಗ

ಹೊಸಿಲು

ಕೆನೆತ್ ಬ್ರಾನಾ ಬರೆದು ನಿರ್ದೇಶಿಸಿದ ‘ಬೆಲ್‌ಫಾಸ್ಟ್’ ಚಿತ್ರವನ್ನು ಈ ವಾರ ಮೂರನೆಯ ಸಲ ನೋಡಿದೆ. 2021ರ ಚಿತ್ರ, ಮರುವರ್ಷ ಮೂಲ ಚಿತ್ರಕಥೆಗೆ ಆಸ್ಕರ್ ಪಡೆಯಿತು. ಆಗ ಇದರ ಬಗ್ಗೆ ನಾನು ಓದಿದ ಮಾತುಗಳೆಲ್ಲ ಮುದ್ದಾದ ಹುಡುಗ, ಕಪ್ಪು ಬಿಳುಪಿನ ಸೊಗಸು, ಕಣ್ಣೀರು ತರಿಸುವ ಅಜ್ಜಿ ಎಂಬಲ್ಲಿಗೆ ಮುಗಿದುಹೋಗಿದ್ದವು. ನನಗೆ ಅದರಲ್ಲಿ ಬೇರೊಂದು ಸಂಗತಿ ಕಂಡಿದೆ. ಅದನ್ನು ನಿಮ್ಮ ಮುಂದಿಡಬೇಕು.

ನೋಡದವರಿಗಾಗಿ ಕತೆಯ ಆರಂಭವನ್ನಷ್ಟೇ ಹೇಳುತ್ತೇನೆ. 1969ರ ಆಗಸ್ಟ್ 15. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನ ಉತ್ತರ ಭಾಗದಲ್ಲಿ ದುಡಿದು ತಿನ್ನುವವರ ಒಂದು ಬೀದಿ. ಸಂಜೆ ಮಕ್ಕಳು ಆಡುತ್ತಿದ್ದಾರೆ. ಬಡ್ಡಿ ಎಂಬ ಒಂಬತ್ತು ವರ್ಷದ ಹುಡುಗನ ಒಂದು ಕೈಯಲ್ಲಿ ಮರದ ಕತ್ತಿ, ಇನ್ನೊಂದು ಕೈಯಲ್ಲಿ ಗುರಾಣಿ. ಗುರಾಣಿ ಎಂದರೆ ಕಸದ ಡಬ್ಬಿಯ ಮುಚ್ಚಳ. ತಾಯಿ ಊಟಕ್ಕೆ ಕರೆಯುತ್ತಾಳೆ. ಆ ಕರೆ ಬೀದಿಯವರ ಬಾಯಿಂದ ಬಾಯಿಗೆ ದಾಟಿ ಅವನನ್ನು ಮುಟ್ಟುತ್ತದೆ. ಅವನು ಮನೆಯತ್ತ ಹೊರಡುವಷ್ಟರಲ್ಲಿ ಬೀದಿಯ ತುದಿಯಲ್ಲಿ ಗುಂಪೊಂದು ಕಾಣಿಸುತ್ತದೆ. ಕಲ್ಲು, ಬೆಂಕಿ, ಒಡೆದ ಕಿಟಕಿ. ತಾಯಿ ಹೊರಗೋಡಿ ಬಂದು ಮಗನನ್ನು ಎಳೆದುಕೊಂಡು ಅದೇ ಮುಚ್ಚಳವನ್ನು ಅಡ್ಡ ಹಿಡಿಯುತ್ತಾಳೆ. ಕಲ್ಲುಗಳು ಅದಕ್ಕೆ ಬಡಿಯುವ ಸದ್ದು ಮೂರನೆಯ ಸಲವೂ ನನ್ನ ಎದೆ ನಡುಗಿಸಿತು. ಎರಡು ನಿಮಿಷದ ಹಿಂದೆ ಆಟದ ಸಾಮಾನಾಗಿದ್ದದ್ದು ಈಗ ನಿಜವಾದ ಗುರಾಣಿ.

ಈಗ ನನ್ನ ಮಾತು. ಆ ಗುಂಪು ಪ್ರಾಟೆಸ್ಟೆಂಟರದು. ಅವರು ಬಂದದ್ದು ಬೀದಿಯ ಕ್ಯಾಥೊಲಿಕ್ ಮನೆಗಳನ್ನು ಖಾಲಿ ಮಾಡಿಸುವುದಕ್ಕೆ. ಬಡ್ಡಿಯ ಮನೆಯವರೂ ಪ್ರಾಟೆಸ್ಟೆಂಟರೇ. ಹಾಗಿದ್ದರೆ ಈ ಮನೆಗೆ ಯಾರ ಭಯ? ಉತ್ತರ ಬಿಲ್ಲಿ ಕ್ಲಾಂಟನ್ ಎಂಬವನ ರೂಪದಲ್ಲಿ ಬರುತ್ತದೆ. ಅವನೂ ಇವರವನೇ, ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವವನು. ಅವನು ತಂದೆಯ ಮುಂದೆ ನಿಂತು ಕೇಳುವುದು ಇಷ್ಟೇ: ಹಣ ಕೊಡು, ಇಲ್ಲವೇ ನಮ್ಮ ಜೊತೆ ಸೇರು. ಎರಡೂ ಆಗದು ಎಂದವನಿಗೆ ಆ ಊರಿನಲ್ಲಿ ಜಾಗವಿಲ್ಲ.

ಮತೀಯ ಗಲಭೆಯ ಚಿತ್ರಗಳನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಅಪಾಯ ಆಚೆ ಕಡೆಯಿಂದ ಬರುತ್ತದೆ. ಇಲ್ಲಿ ಅಪಾಯ ನಮ್ಮವರ ಮುಖ ಹೊತ್ತು ಬಂದು, ನಿನ್ನನ್ನು ಕಾಪಾಡುತ್ತೇನೆ ಎನ್ನುತ್ತದೆ. ಸುಮ್ಮನಿರಲು ಬಯಸುವ ಒಂದು ಸಾಮಾನ್ಯ ಮನೆಯನ್ನು ಸ್ವಂತ ಪಂಗಡವೇ ಹೇಗೆ ಹಿಂಡುತ್ತದೆ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ನಿಮಗೂ ಹಾಗೆ ಅನ್ನಿಸಿತೇ?

ಗುಬ್ಬಿಗೂಡು

ಹೊಸಿಲು ಅವರೇ, ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ನನಗೆ ಮರೆಯಲಾಗದಿರುವುದು ಅಜ್ಜನ ಲೆಕ್ಕದ ಪಾಠ. ಬಡ್ಡಿಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಮುಂದಿನ ಬೆಂಚು. ಅವನ ಮನಸ್ಸು ಕದ್ದ ಕ್ಯಾಥರಿನ್ ಅಲ್ಲಿ ಕೂರುತ್ತಾಳೆ. ಅವಳ ಪಕ್ಕ ಕೂರಬೇಕಾದರೆ ಲೆಕ್ಕ ಸರಿಹೋಗಬೇಕು. ಅಜ್ಜ ಹೇಳಿಕೊಡುವ ಉಪಾಯವೆಂದರೆ ಅಂಕಿಯನ್ನು ಸ್ವಲ್ಪ ಗೋಜಲಾಗಿ ಬರೆಯುವುದು. ಒಂದು ಎಂದರೆ ಒಂದು, ಏಳು ಎಂದರೆ ಏಳು. ಟೀಚರಿಗೆ ಯಾವುದು ಬೇಕೋ ಅದು ಕಾಣಲಿ. ಸರಿಯುತ್ತರ ಒಂದೇ ಅಲ್ಲವೇ ಎಂದು ಹುಡುಗ ಕೇಳುತ್ತಾನೆ. ಹಾಗಿದ್ದಿದ್ದರೆ ಊರಿನಲ್ಲಿ ಜನ ಹೀಗೆ ಹೊಡೆದಾಡುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಅಜ್ಜ ಆಡುತ್ತಾನೆ. ಗಣಿತದ ಟೀಚರಾಗಿ ನಾನು ಅದನ್ನು ಒಪ್ಪಬಾರದು. ಆದರೂ ಒಪ್ಪಿದೆ.

ಹಳೇ ಟಾಕೀಸ್

ಚಿತ್ರ ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೊಸಿಲು ಅವರ ಮಾತಿಗೆ ನನ್ನ ತಕರಾರಿದೆ, ಗಟ್ಟಿಯಾಗಿಯೇ ಇದೆ.

ಆ ಚಿತ್ರ ನೋಡಿದವರಿಗೆ ಜಗಳ ಏಕೆ ಶುರುವಾಯಿತು ಎಂಬುದು ಗೊತ್ತಾಗುತ್ತದೆಯೇ? ಇಲ್ಲ. ಒಂದು ಸಂಜೆ ಎಲ್ಲಿಂದಲೋ ಪುಂಡರು ಬಂದರು, ನೆಮ್ಮದಿ ಕೆಟ್ಟಿತು ಎಂಬಂತಿದೆ. ನಿಜ ಹಾಗಿಲ್ಲ. 1921ರಲ್ಲಿ ಉತ್ತರ ಐರ್ಲೆಂಡ್ ಹುಟ್ಟಿದಾಗಿನಿಂದ 1972ರವರೆಗೆ ಅಲ್ಲಿ ಆಳಿದ್ದು ಒಂದೇ ಪಕ್ಷ, ಯೂನಿಯನಿಸ್ಟರದು. ಎಂದರೆ ಬ್ರಿಟನ್ ಜೊತೆಗೇ ಇರಬೇಕೆನ್ನುವವರು, ಹೆಚ್ಚಿನವರು ಪ್ರಾಟೆಸ್ಟೆಂಟರು. ಸ್ಥಳೀಯ ಚುನಾವಣೆಯಲ್ಲಿ ಮನೆ ತೆರಿಗೆ ಕಟ್ಟುವವರಿಗೆ ಮತ್ತು ಅವರ ಸಂಗಾತಿಗೆ ಮಾತ್ರ ಮತ. ಬಾಡಿಗೆ ಕೋಣೆಯಲ್ಲಿದ್ದವರಿಗೆ, ಅಪ್ಪನ ಮನೆಯಲ್ಲೇ ಇದ್ದ ದೊಡ್ಡ ಮಕ್ಕಳಿಗೆ ಮತವಿಲ್ಲ. ಹೀಗಾಗಿ ಸರ್ಕಾರಿ ಮನೆ ಹಂಚುವುದೆಂದರೆ ಮತ ಹಂಚುವುದೆಂದೇ ಅರ್ಥ, ಅದನ್ನು ಕ್ಯಾಥೊಲಿಕರಿಗೆ ಕೊಡದೆ ಸತಾಯಿಸುತ್ತಿದ್ದರು. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚಿದ್ದರೂ ವಾರ್ಡಿನ ಗೆರೆಗಳನ್ನು ಹೇಗೆ ಎಳೆದಿದ್ದರೆಂದರೆ ನಗರಸಭೆ ಯೂನಿಯನಿಸ್ಟರ ಕೈಬಿಟ್ಟು ಹೋಗುತ್ತಲೇ ಇರಲಿಲ್ಲ. 1967ರಲ್ಲಿ ನಾಗರಿಕ ಹಕ್ಕುಗಳ ಸಂಘ ಹುಟ್ಟಿತು. ಒಬ್ಬರಿಗೆ ಒಂದು ಮತ ಬೇಕೆಂಬುದು ಅವರ ಮುಖ್ಯ ಬೇಡಿಕೆ. 1968ರ ಅಕ್ಟೋಬರ್ 5ರಂದು ಡೆರಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ಅಲ್ಲಿಂದ ಹತ್ತೇ ತಿಂಗಳಿಗೆ ಈ ಆಗಸ್ಟ್.

ಆ ಆಗಸ್ಟಿನಲ್ಲಿ ಬೆಲ್‌ಫಾಸ್ಟ್‌ನ ಬಾಂಬೆ ಸ್ಟ್ರೀಟ್ ಹತ್ತಿ ಉರಿಯಿತು. ಹೌದು, ಬಾಂಬೆ ಸ್ಟ್ರೀಟ್. ಪಕ್ಕದಲ್ಲೇ ಕಾಶ್ಮೀರ್ ರೋಡ್. ಸಾಮ್ರಾಜ್ಯದ ಕಾಲದಲ್ಲಿ ಇಟ್ಟ ಹೆಸರುಗಳು. ಕ್ಯಾಥೊಲಿಕರ ಬೀದಿ ಅದು, ಮನೆಗಳು ಸಾಲಾಗಿ ಸುಟ್ಟುಹೋದವು. ಸರ್ಕಾರ ನೇಮಿಸಿದ ಸ್ಕಾರ್ಮನ್ ವಿಚಾರಣೆಯ ಲೆಕ್ಕದಂತೆ ಆ ಬೇಸಿಗೆಯಲ್ಲಿ ಬೆಲ್‌ಫಾಸ್ಟ್‌ನಲ್ಲಿ ಮನೆ ಬಿಟ್ಟ ಕುಟುಂಬಗಳು 1,800ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 1,500 ಕ್ಯಾಥೊಲಿಕರವು. ಡಿವಿಸ್ ಎಂಬ ವಸತಿ ಸಮುಚ್ಚಯದ ಒಂದು ಮನೆಯೊಳಗೆ ಪೊಲೀಸರ ಗುಂಡು ತೂರಿ ಬಂದು ಒಬ್ಬ ಕ್ಯಾಥೊಲಿಕ್ ಹುಡುಗ ಸತ್ತ. ಅವನ ವಯಸ್ಸೂ ಒಂಬತ್ತೇ. ಬಡ್ಡಿಯ ವಯಸ್ಸು.

ಬಡ್ಡಿಯ ತಂದೆಗೆ ಇಂಗ್ಲೆಂಡಿನಲ್ಲಿ ಕೆಲಸವಿತ್ತು, ಮೇಜಿನ ಮೇಲೆ ಸಿಡ್ನಿ, ವ್ಯಾಂಕೂವರ್‌ಗಳಿಗೆ ವಲಸೆ ಬನ್ನಿ ಎನ್ನುವ ಬಣ್ಣದ ಹಾಳೆಗಳಿದ್ದವು. ಬಾಂಬೆ ಸ್ಟ್ರೀಟಿನವರಿಗೆ ಯಾರು ಯಾವ ಹಾಳೆ ತಂದುಕೊಟ್ಟರು? ಚಿತ್ರದಲ್ಲಿ ಕಲ್ಲು ಬಿದ್ದ ಮನೆಗಳ ಒಳಗೆ ಕ್ಯಾಮೆರಾ ಒಂದು ಸಲವಾದರೂ ಹೊಕ್ಕು ಕೂತಿತೇ? ಸ್ವಂತ ಪಂಗಡ ಹಿಂಡುತ್ತದೆ, ಒಪ್ಪಿದೆ. ಆದರೆ ಹಿಂಡಿಸಿಕೊಂಡವನ ನೋವನ್ನು ಸುಡಿಸಿಕೊಂಡವನ ನೋವಿನ ಜಾಗದಲ್ಲಿ ಇಟ್ಟರೆ ನನಗೆ ಸಂಕಟವಾಗುತ್ತದೆ.

ಲಗಾನ್ ದಂಡೆ

ನಮಸ್ಕಾರ. ಇಲ್ಲಿ ಓದುತ್ತಿದ್ದೆನೇ ಹೊರತು ಬರೆದಿರಲಿಲ್ಲ. ನಾನು ಬೆಲ್‌ಫಾಸ್ಟ್‌ನಲ್ಲಿದ್ದೇನೆ, ಹನ್ನೊಂದು ವರ್ಷದಿಂದ ನರ್ಸ್ ಕೆಲಸ. ಹುಟ್ಟಿ ಬೆಳೆದದ್ದು ಮಂಗಳೂರಿನ ಒಂದು ಕ್ಯಾಥೊಲಿಕ್ ಮನೆಯಲ್ಲಿ. ಅದಕ್ಕೇ ಈ ಚರ್ಚೆಗೆ ಸುಮ್ಮನಿರಲಾಗಲಿಲ್ಲ.

ಚಿತ್ರದಲ್ಲಿ ಬಡ್ಡಿ ಮತ್ತು ಅವನ ದೊಡ್ಡಪ್ಪನ ಮಗಳೋ ಚಿಕ್ಕಪ್ಪನ ಮಗಳೋ ಆದ ಮೊಯ್ರಾ, ಹೆಸರು ಕೇಳಿ ಯಾವ ಮತದವರೆಂದು ಗುರುತಿಸುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಾರಲ್ಲ, ಆ ಮಾತುಕತೆ ಮಕ್ಕಳಾಟವಲ್ಲ. ಇಲ್ಲಿ ಹೆಸರು, ಓದಿದ ಶಾಲೆ, ಕೊನೆಗೆ ಒಂದು ಅಕ್ಷರ ಸಾಕು. ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ‘ಎಚ್’ ಎಂದರೆ ಪ್ರಾಟೆಸ್ಟೆಂಟ್, ‘ಹೆಚ್’ ಎಂದರೆ ಕ್ಯಾಥೊಲಿಕ್ ಎಂದು ಹಳಬರು ಅಂದಾಜು ಮಾಡುತ್ತಾರೆ. ನಾನು ಊರಿನ ಕಾನ್ವೆಂಟಿನಲ್ಲಿ ಕಲಿತದ್ದು ‘ಹೆಚ್’. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವೃದ್ಧರಿಗೆ ವಾರ್ಡಿನ ಅಕ್ಷರ ಹೇಳಿದೆ. ಅವರು ನನ್ನ ಕುತ್ತಿಗೆಯ ಶಿಲುಬೆ ಸರವನ್ನು ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡರು. ಏನೂ ಅನ್ನಲಿಲ್ಲ. ನನಗೆ ಅರ್ಥವಾದದ್ದು ವರ್ಷದ ಮೇಲೆ, ಸಹೋದ್ಯೋಗಿಯೊಬ್ಬಳು ಬಿಡಿಸಿ ಹೇಳಿದಾಗ. ಅವರು ನನ್ನೊಂದಿಗೆ ಕೊನೆಯ ದಿನದವರೆಗೂ ಬಹಳ ಮರ್ಯಾದೆಯಿಂದಲೇ ಇದ್ದರು, ಅದನ್ನೂ ಹೇಳಬೇಕು.

ಹಳೇ ಟಾಕೀಸ್ ಅವರು ಹೇಳಿದ ಬಾಂಬೆ ಸ್ಟ್ರೀಟಿಗೆ ನಾನು ಹೋಗಿದ್ದೇನೆ. ಮನೆಗಳನ್ನು ಆಮೇಲೆ ಹೊಸದಾಗಿ ಕಟ್ಟಿದರು. ಅವುಗಳ ಬೆನ್ನಿಗೇ ಎತ್ತರದ ಗೋಡೆ. ಅದಕ್ಕೆ ಇಲ್ಲಿ ಶಾಂತಿಗೋಡೆ ಎನ್ನುತ್ತಾರೆ. 1969ರ ಸೆಪ್ಟೆಂಬರಿನಲ್ಲಿ ಸೈನಿಕರು ಮುಳ್ಳುತಂತಿ ಎಳೆದು ತಾತ್ಕಾಲಿಕ ಎಂದದ್ದು ಕಾಂಕ್ರೀಟಾಗಿ, ಅದರ ಮೇಲೆ ತಗಡಾಗಿ, ಅದರ ಮೇಲೆ ಜಾಲರಿಯಾಗಿ ಬೆಳೆದಿದೆ. ಆಚೆಯಿಂದ ಬಾಟಲಿ, ಕಲ್ಲು ಬೀಳದಿರಲೆಂದು ಹಿತ್ತಲುಗಳಿಗೆ ಕಬ್ಬಿಣದ ಪಂಜರ ಹೊದಿಸಿದ್ದಾರೆ. ಒಂದು ಹಿತ್ತಲಿನ ಪಂಜರದೊಳಗೆ ಮಗುವಿನ ಬಟ್ಟೆ ಒಣಗಲು ಹಾಕಿದ್ದರು, ಪುಟ್ಟ ಪುಟ್ಟ ಹಳದಿ ಕಾಲುಚೀಲ. ನಾನು ಅಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಆ ಗೋಡೆಗಳನ್ನೆಲ್ಲ 2023ರ ಒಳಗೆ ತೆಗೆಯುವುದಾಗಿ ಇಲ್ಲಿನ ಸರ್ಕಾರ 2013ರಲ್ಲಿ ಮಾತು ಕೊಟ್ಟಿತ್ತು. ಗೋಡೆಗಳು ಅಲ್ಲೇ ಇವೆ. ಕೆಲವು ಕಡೆ ರಸ್ತೆಯ ಗೇಟುಗಳಿಗೆ ಈಗಲೂ ರಾತ್ರಿ ಬೀಗ ಬೀಳುತ್ತದೆ.

ಮಕ್ಕಳೂ ಹೆಚ್ಚಿನವರು ಬೇರೆ ಬೇರೆ ಶಾಲೆಗಳಿಗೇ ಹೋಗುತ್ತಾರೆ. ಎರಡೂ ಕಡೆಯವರು ಕೂಡಿ ಓದುವ ಮೊದಲ ಶಾಲೆ ಲಗಾನ್ ಕಾಲೇಜ್ ತೆರೆದದ್ದು 1981ರಲ್ಲಿ, ಕೆಲವು ತಂದೆತಾಯಂದಿರ ಹಟದಿಂದ. ನನ್ನ ಮಗಳನ್ನು ನಾನು ಅಂಥದೇ ಒಂದು ಶಾಲೆಗೆ ಹಾಕಿದ್ದೇನೆ.

ಹೊಸಿಲು

ಲಗಾನ್ ದಂಡೆ ಅವರೇ, ಬರೆದದ್ದಕ್ಕೆ ಕೈಮುಗಿಯುತ್ತೇನೆ. ಆ ಹಳದಿ ಕಾಲುಚೀಲ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಹಳೇ ಟಾಕೀಸ್ ಸರ್, ನೀವು ಕೊಟ್ಟ ಇತಿಹಾಸದ ಒಂದು ಅಕ್ಷರವನ್ನೂ ಅಲ್ಲಗಳೆಯಲಾರೆ. ಚಿತ್ರದಲ್ಲಿ ಅದಿಲ್ಲ, ನಿಜ. ಆದರೆ ಒಂಬತ್ತು ವರ್ಷದ ಮಗುವಿಗೆ ವಾರ್ಡಿನ ಗೆರೆ ಗೊತ್ತಿರುತ್ತದೆಯೇ? ಬ್ರಾನಾ ಹುಟ್ಟಿದ್ದು 1960ರ ಡಿಸೆಂಬರಿನಲ್ಲಿ, ಅದೇ ಬೆಲ್‌ಫಾಸ್ಟ್‌ನಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಮನೆಯವರೊಂದಿಗೆ ಇಂಗ್ಲೆಂಡಿನ ರೆಡಿಂಗ್ ಎಂಬ ಊರಿಗೆ ಹೋದರು. ಅವರಿಗೆ ಸಿಕ್ಕಿದ್ದು ಮೆಟ್ಟಿಲ ಮೇಲೆ ಕೂತು ಕದ್ದು ಕೇಳಿದ ಅಪ್ಪ ಅಮ್ಮನ ಜಗಳ. ತೆರಿಗೆ ಬಾಕಿ, ಕುದುರೆ ಜೂಜು, ಎರಡು ವಾರಕ್ಕೊಮ್ಮೆ ಇಂಗ್ಲೆಂಡಿನಿಂದ ಬರುವ ಅಪ್ಪ, ಅವನ ಮೇಲೆ ತಟ್ಟೆಗಳನ್ನು ತೂರುವ ಅಮ್ಮ. ಗಲಭೆ ಆ ಮನೆಯೊಳಗೆ ಸಾಲದ ಚೀಟಿಯ ಜೊತೆಗೇ ಬರುತ್ತದೆ. ತಾನು ಕಂಡಷ್ಟನ್ನೇ ಹೇಳಿದ್ದು ನನಗೆ ಪ್ರಾಮಾಣಿಕವಾಗಿಯೇ ಕಾಣುತ್ತದೆ.

ಸೋಪಿನ ಪುಡಿಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಗುಂಪು ಅಂಗಡಿಯನ್ನು ಲೂಟಿ ಮಾಡುತ್ತಿದೆ. ಮೊಯ್ರಾ ಬಡ್ಡಿಯನ್ನೂ ಎಳೆದುಕೊಂಡು ಹೋಗಿದ್ದಾಳೆ. ಅವನು ಎತ್ತಿಕೊಂಡು ಬರುವುದು ಬಟ್ಟೆ ಒಗೆಯುವ ಪುಡಿಯ ಒಂದು ಡಬ್ಬ. ಅಮ್ಮನಿಗೆ ಉಪಯೋಗವಾದೀತು ಎಂದು! ಅಮ್ಮ ಅದನ್ನು ಕಂಡು ಕೆರಳಿ ಕೆಂಡವಾಗುತ್ತಾಳೆ. ಹೊರಗೆ ಗಲಭೆ ನಡೆದಿದೆ, ಆ ಹೊತ್ತಿನಲ್ಲಿ ಮಗನನ್ನು ದರದರ ಎಳೆದುಕೊಂಡು, ಡಬ್ಬವನ್ನು ಅದೇ ಅಂಗಡಿಯಲ್ಲಿ ವಾಪಸ್ ಇಡುವುದಕ್ಕೆ ಹೊರಡುತ್ತಾಳೆ. ಜಾಣತನದ ಕೆಲಸವಲ್ಲ, ಅದರಿಂದ ಜೀವಕ್ಕೇ ಕುತ್ತು ಬರುತ್ತದೆ. ಆದರೂ ನಾನು ಅವಳ ಪರ. ಊರೆಲ್ಲ ದೋಚುತ್ತಿರುವಾಗ ನಮ್ಮ ಮನೆಯ ಹುಡುಗ ದೋಚಬಾರದು ಎಂಬುದು ಅವಳ ಪಾಲಿಗೆ ರಾಜಕೀಯವಲ್ಲ, ಮನೆತನ. ಗುಂಪಿಗೆ ಸಹಿಸಲಾಗದ್ದು ಅದೇ.

ಕಪ್ಪು ಬಿಳುಪು

ಛಾಯಾಗ್ರಹಣದ ಬಗ್ಗೆ ಎರಡು ಮಾತು. ಹಾರಿಸ್ ಜಾಂಬರ್ಲೂಕೋಸ್ ಅವರ ಕೆಲಸ. ಚಿತ್ರ ಶುರುವಾಗುವುದು ಇಂದಿನ ಬೆಲ್‌ಫಾಸ್ಟ್‌ನ ಬಣ್ಣದ ನೋಟದಿಂದ. ಹಡಗುಕಟ್ಟೆಯ ಆ ಎರಡು ಹಳದಿ ಕ್ರೇನುಗಳು ಕಾಣುತ್ತವೆ. ಕ್ಯಾಮೆರಾ ಒಂದು ಗೋಡೆ ದಾಟಿ ಇಳಿದರೆ ಬಣ್ಣ ಹೋಗಿ 1969. ಆಮೇಲೆ ಬಣ್ಣ ಮರಳುವುದು ಸಿನಿಮಾ ಮಂದಿರದ ಪರದೆಯ ಮೇಲೆ, ನಾಟಕದ ರಂಗದ ಮೇಲೆ. ನಾಟಕ ನೋಡುವ ಅಜ್ಜಿಯ ಕನ್ನಡಕದಲ್ಲಿ ಆ ಬಣ್ಣ ಪ್ರತಿಫಲಿಸುತ್ತದೆ, ಅವಳ ಮುಖ ಮಾತ್ರ ಬೂದು. ಅಜ್ಜಿಯಾಗಿ ನಟಿಸಿದ ಜೂಡಿ ಡೆಂಚ್ ಆ ಗಳಿಗೆಯಲ್ಲಿ ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ, ಅಷ್ಟೇ.

ಕೋವಿಡ್ ಕಾಲದಲ್ಲಿ ಚಿತ್ರೀಕರಣ ನಡೆದದ್ದರಿಂದ ಆ ಬೀದಿಯನ್ನು ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ನಿಲ್ದಾಣದ ಅಂಚಿನಲ್ಲಿ ಸೆಟ್ ಹಾಕಿ ಕಟ್ಟಿದರು. ಅದು ಸೆಟ್ಟೆಂದು ಗೊತ್ತಾಗುತ್ತದೆ, ಸ್ವಲ್ಪ ಹೆಚ್ಚೇ ಚೊಕ್ಕಟವಾಗಿದೆ. ನೆನಪಿನಲ್ಲಿ ಬೀದಿ ಹಾಗೆಯೇ ಇರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಟಿವಿಯಲ್ಲಿ ಬಡ್ಡಿ ನೋಡುವ ‘ಹೈ ನೂನ್’ ಚಿತ್ರದ ಹಾಡು, ಕೊನೆಯಲ್ಲಿ ಅಪ್ಪ ಬಿಲ್ಲಿಯ ಎದುರು ನಿಂತಾಗ ಕೇಳಿಬರುತ್ತದೆ. ಮಗನ ಕಣ್ಣಿಗೆ ಅಪ್ಪ ಆ ಹೊತ್ತು ಕೌಬಾಯ್. ಇದು ನನಗೆ ಅತಿ ಎನ್ನಿಸಿತು. ಹೆದರಿದ ಅಪ್ಪನನ್ನೂ ಒಂದು ಸಲ ತೋರಿಸಬಹುದಿತ್ತು.

ಸೇವಂತಿಗೆ

ಕಪ್ಪು ಬಿಳುಪು ಅವರ ಕೊನೆಯ ಸಾಲು ಓದಿ ಇದನ್ನು ಬರೆಯುತ್ತಿದ್ದೇನೆ. ಬೆಲ್‌ಫಾಸ್ಟ್‌ಗೆ ಸಂಬಂಧವಿಲ್ಲ, ಕ್ಷಮಿಸಿ.

ನಾನು ಹುಬ್ಬಳ್ಳಿಯವಳು. 1994ರ ಆಗಸ್ಟ್ 15ರಂದು ನನಗೆ ಎಂಟು ವರ್ಷ. ಈದ್ಗಾ ಮೈದಾನದಲ್ಲಿ ಧ್ವಜ ಏರಿಸುವ ವಿವಾದ, ಕರ್ಫ್ಯೂ, ಗೋಲಿಬಾರ್, ಹೋದ ಜೀವಗಳು, ಇದೆಲ್ಲ ದೊಡ್ಡವಳಾದ ಮೇಲೆ ಓದಿ ತಿಳಿದದ್ದು. ನನ್ನ ನೆನಪಿನಲ್ಲಿರುವುದು ಒಂದು ರಾತ್ರಿ. ನಮ್ಮ ಓಣಿಯದೇ ನಾಲ್ಕು ಹುಡುಗರು ಬಾಗಿಲು ಬಡಿದರು. ಮನೆಗೊಬ್ಬ ಗಂಡಸು ಹೊರಗೆ ಬರಬೇಕು, ಹಿಂದಿನ ಓಣಿಗೆ ಹೋಗುವುದಿದೆ ಎಂದರು. ಹಿಂದಿನ ಓಣಿಯಲ್ಲಿ ನನ್ನ ಜೊತೆ ಓದುವ ಹುಡುಗಿಯ ಮನೆ ಇತ್ತು. ಅವ್ವ ಬಾಗಿಲನ್ನು ಒಂದು ಗೇಣು ತೆರೆದು, ಕೈಯಲ್ಲಿದ್ದ ಜೋಳದ ಹಿಟ್ಟು ಕೂಡ ತೊಳೆದಿರಲಿಲ್ಲ, ‘ಮನೆಯಲ್ಲಿ ಗಂಡಸರಿಲ್ಲ, ಅವರು ಗದಗಿಗೆ ಹೋಗಿದ್ದಾರೆ’ ಎಂದಳು. ಅಪ್ಪ ಅಡುಗೆಮನೆಯಲ್ಲಿ ಜೋಳದ ಚೀಲದ ಹಿಂದೆ ಕುಳಿತಿದ್ದರು. ನಾನು ನೋಡಿದೆ. ಅವರು ನನ್ನನ್ನು ನೋಡಿದರು.

ಆ ಹುಡುಗರು ನಮಗೆ ಗೊತ್ತಿದ್ದವರೇ, ಗಣೇಶನ ಹಬ್ಬಕ್ಕೆ ಪಟ್ಟಿ ಕೇಳಲು ಬರುತ್ತಿದ್ದವರು. ನಮ್ಮ ಅಪ್ಪ ಹೆದರಿ ಅಡಗಿದ್ದರು ಎಂದು ನಾನು ಬಹಳ ವರ್ಷ ನಾಚಿಕೆಪಟ್ಟಿದ್ದೇನೆ. ಯಾರಿಗೂ ಹೇಳಿರಲಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ಹೊಸಿಲು ಅವರು ಬರೆದ ಮೊದಲ ಬರಹ ಓದಿದ ಮೇಲೆ ನಿದ್ದೆ ಬರುತ್ತಿಲ್ಲ.

ಹಳೇ ಟಾಕೀಸ್

ಸೇವಂತಿಗೆ ಮೇಡಂ, ಇದು ವಿಷಯಾಂತರವಲ್ಲ. ಇದೇ ವಿಷಯ. ಕ್ಷಮೆ ಕೇಳಬೇಡಿ.

ನನ್ನ ತಕರಾರನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ. ಆ ಚಿತ್ರದ ಜೊತೆಗೆ ಬಾಂಬೆ ಸ್ಟ್ರೀಟಿನ ಕತೆಯನ್ನೂ ಓದಿ ಎಂದೇ ಎಲ್ಲರಿಗೂ ಹೇಳುತ್ತೇನೆ. 1998ರ ಗುಡ್ ಫ್ರೈಡೆ ಶಾಂತಿ ಒಪ್ಪಂದದವರೆಗೆ ಮೂರು ದಶಕದಲ್ಲಿ ಅಲ್ಲಿ ಸುಮಾರು 3,500 ಜನ ಸತ್ತರು. ಅದರ ಭಾರ ಈ ಚಿತ್ರಕ್ಕಿಲ್ಲ. ಆದರೆ ‘ಹಿಂಡಿಸಿಕೊಂಡವನು, ಸುಡಿಸಿಕೊಂಡವನು’ ಎಂದು ನಾನು ತಕ್ಕಡಿ ಹಿಡಿದದ್ದು ತಪ್ಪು. ಸುಡಲು ಹೊರಟವರಿಗೆ ಮನೆಗೊಬ್ಬ ಗಂಡಸು ಬೇಕಿತ್ತು. ಒಂದು ಮನೆಯಿಂದ ಬರಲಿಲ್ಲ. ಹಿಂದಿನ ಓಣಿಗೆ ಹೋದ ಗುಂಪಿನಲ್ಲಿ ಒಬ್ಬ ಕಡಿಮೆಯಾದ.

ಗುಬ್ಬಿಗೂಡು

ಇದನ್ನು ನನ್ನ ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಬಹುದೇ ಎಂದು ಯೋಚಿಸುತ್ತಿದ್ದೇನೆ. ಕೊನೆಯಲ್ಲಿ ಬಡ್ಡಿ ಅಪ್ಪನನ್ನು ಕೇಳುತ್ತಾನಲ್ಲ, ಕ್ಯಾಥರಿನ್ ಕ್ಯಾಥೊಲಿಕ್ ಆದ್ದರಿಂದ ನಮ್ಮಿಬ್ಬರಿಗೆ ಮುಂದೆ ಕೂಡಿಬಂದೀತೇ ಎಂದು. ಅವಳು ಹಿಂದೂ ಧರ್ಮ ಪಾಲಿಸುವವಳೇ ಆಗಿರಲಿ, ಒಳ್ಳೆಯವಳಾಗಿದ್ದು ನೀವಿಬ್ಬರೂ ಒಬ್ಬರನ್ನೊಬ್ಬರು ಗೌರವಿಸುತ್ತಿದ್ದರೆ ಅವಳಿಗೂ ಅವಳ ಮನೆಯವರಿಗೂ ನಮ್ಮ ಮನೆಯಲ್ಲಿ ಯಾವತ್ತೂ ಸ್ವಾಗತ ಎಂಬರ್ಥದ ಮಾತನ್ನು ಅಪ್ಪ ಹೇಳುತ್ತಾನೆ. 1969ರ ಬೆಲ್‌ಫಾಸ್ಟ್‌ನ ಒಬ್ಬ ಬಡಗಿಯ ಬಾಯಲ್ಲಿ ಅಷ್ಟು ದೂರದ ನಾವು ಬಂದದ್ದನ್ನು ಕೇಳಿ ಮಕ್ಕಳು ಏನೆನ್ನುತ್ತಾರೋ ನೋಡಬೇಕು.

ಲಗಾನ್ ದಂಡೆ

ತೋರಿಸಿ ಟೀಚರ್. ಅಲ್ಲಿನವರ ಮಾತಿನ ಧಾಟಿ ನಮಗೆ ಬೇಗ ಹಿಡಿಯುವುದಿಲ್ಲ, ಬರಹದ ಸಾಲು ಹಾಕಿಕೊಳ್ಳಿ. ನನಗೇ ಎರಡು ವರ್ಷ ಬೇಕಾಯಿತು.

ಸೇವಂತಿಗೆ

ನಿನ್ನೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ಹಾಕಿದೆ. ಅವಳಿಗೆ ಇಂಗ್ಲಿಷ್ ಬಾರದು, ನಡುನಡುವೆ ಹೇಳುತ್ತಾ ಹೋದೆ. ಮುಚ್ಚಳ ಹಿಡಿದು ಓಡುವಲ್ಲಿ ‘ಅಯ್ಯೋ ಶಿವನೇ’ ಎಂದು ನನ್ನ ಕೈ ಹಿಡಿದಳು. ಕೊನೆಗೆ ಬಸ್ಸು ಹೊರಟು, ಅಜ್ಜಿ ಬಾಗಿಲಿನ ಗಾಜಿನ ಹಿಂದೆ ಒಬ್ಬಳೇ ಉಳಿಯುತ್ತಾಳಲ್ಲ, ಆಗ ಸೆರಗು ಕಣ್ಣಿಗೆ ಹೋಯಿತು. ಆದರೆ ಮಾತಾಡಿದ್ದು ಅದರ ಬಗ್ಗೆ ಅಲ್ಲ. ಬಿಲ್ಲಿಯ ಎದುರು ಆ ಅಪ್ಪ ನಿಂತ ದೃಶ್ಯದ ಬಗ್ಗೆ.

‘ನಿಮ್ಮ ಅಪ್ಪನೂ ಅಂದು ಹೊರಗೆ ಬರುತ್ತೇನೆಂದೇ ಎದ್ದಿದ್ದರು. ಆ ಹುಡುಗರಿಗೆ ಬುದ್ಧಿ ಹೇಳುತ್ತೇನೆ, ಹಿಂದಿನ ಓಣಿಗೆ ಹೋಗಗೊಡುವುದಿಲ್ಲ ಎಂದರು. ನಾನೇ ತೋಳು ಹಿಡಿದು ಜೋಳದ ಚೀಲದ ಹಿಂದೆ ಕೂರಿಸಿದೆ. ನಿನ್ನ ಮೇಲೆ ಆಣೆ ಹಾಕಿದೆ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ ಅವರು.’

ಇಷ್ಟು ಹೇಳಿ, ರೊಟ್ಟಿ ತಣ್ಣಗಾಗುತ್ತದೆ ಏಳು ಎಂದಳು. ನನ್ನ ಮೇಲೆ ಆಣೆ ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಓಣಿಯ ಆ ಗೆಳತಿ ಈಗ ಧಾರವಾಡದಲ್ಲಿದ್ದಾಳೆ, ಅವಳ ನಂಬರ್ ಹುಡುಕಿಸಿದ್ದೇನೆ. ಭಾನುವಾರ ಫೋನ್ ಮಾಡುತ್ತೇನೆ.